ತೆಂಗಿನಕಾಯಿಯ ಗುರಿ

ಕೊಡಗಿನಲ್ಲಿ ಮನೆಯ ಸುದ್ದಿಯನ್ನು ಊರಿಗೆ ಮುಟ್ಟಿಸುವ ಕೆಲಸ ಬಹುಕಾಲ ಕೋವಿಯದಾಗಿತ್ತು. ಗಂಡುಮಗು ಹುಟ್ಟಿತೆಂದರೆ ಅಂಗಳದಲ್ಲಿ ಒಂದು ಗುಂಡು ಹಾರುತ್ತಿತ್ತು; ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದರಂತೆ ಎರಡು. ಕಾಡು, ಗದ್ದೆ, ಕಾಫಿಯ ತೋಟಗಳ ನಡುವೆ ದೂರ ದೂರ ಹರಡಿಕೊಂಡ ಒಂಟಿ ಮನೆಗಳ ನಾಡು ಅದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ದಾರಿಗಳೇ ಮಾಯವಾಗುತ್ತಿದ್ದ ಕಾಲದಲ್ಲಿ ಇದಕ್ಕಿಂತ ವೇಗವಾದ ಓಲೆಕಾರ ಬೇರೊಬ್ಬನಿರಲಿಲ್ಲ. ಗುಂಡಿನ ಸದ್ದು ಕೇಳಿದವರು ಕೈಗೆಲಸ ನಿಲ್ಲಿಸಿ ಎರಡನೆಯದಕ್ಕಾಗಿ ಕಿವಿಗೊಡುತ್ತಿದ್ದರು. ಅದು ಬರಲಿಲ್ಲವೆಂದರೆ ಮುಖದಲ್ಲಿ ನಗೆ ಮೂಡುತ್ತಿತ್ತು. ಬಂದರೆ ಗುದ್ದಲಿಯನ್ನು ಬದುವಿನ ಮೇಲಿಟ್ಟು ಆ ದಿಕ್ಕಿಗೆ ಹೆಜ್ಜೆ ಹಾಕುತ್ತಿದ್ದರು. ದೂರವಾಣಿ ಮನೆಮನೆಗೆ ಬಂದಮೇಲೂ ಈ ಪದ್ಧತಿ ಅನೇಕ ಕೊಡವ ಮನೆಗಳಲ್ಲಿ ಉಳಿದಿದೆ. ಹುತ್ತರಿಯ ಬೆಳದಿಂಗಳಿನಲ್ಲಿ ಹೊಸ ಕದಿರನ್ನು ಕೊಯ್ಯುವ ಗಳಿಗೆಯಲ್ಲಿಯೂ ಗುಂಡು ಹಾರಲೇಬೇಕು.

ಇಂಥ ನಾಡಿನಲ್ಲಿ ಹುಟ್ಟಿಯೂ ಕೋವಿಗೆ ಹೆದರುವ ಮನುಷ್ಯನೊಬ್ಬನಿದ್ದರೆ ಅವನ ಪಾಡು ಏನಾಗಬೇಕು! ದಕ್ಷಿಣ ಕೊಡಗಿನ ಒಂದು ಹಳ್ಳಿಯ ಪೋಸ್ಟ್ ಮಾಸ್ತರರು ಅಂಥವರಾಗಿದ್ದರು.

ಅವರ ಕಥೆಗೆ ಮೊದಲು ಕೋವಿಯ ಕಥೆಯನ್ನು ಸ್ವಲ್ಪ ಹೇಳಬೇಕು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ಮುಂದೆ ದೇಶದಲ್ಲೆಲ್ಲ ಜನರು ಆಯುಧಗಳನ್ನು ಇಟ್ಟುಕೊಳ್ಳುವುದಕ್ಕೆ ಕಟ್ಟುಪಾಡುಗಳು ಬಂದಾಗ, 1861ರ ಫೆಬ್ರವರಿಯಲ್ಲಿ ಮೈಸೂರು ಮತ್ತು ಕೊಡಗುಗಳ ಆಡಳಿತ ನೋಡುತ್ತಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಟ್ಟಿನಿಂದ ವಿನಾಯಿತಿ ನೀಡಿದನು. ಸ್ವತಂತ್ರ ಭಾರತವು 1959ರಲ್ಲಿ ತನ್ನದೇ ಆಯುಧ ಕಾಯಿದೆಯನ್ನು ಮಾಡಿಕೊಂಡಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಲೆಕ್ಕವೂ ಬೇಡವೆಂದಲ್ಲ. ಮನೆಯಲ್ಲಿರುವ ಕೋವಿಗೆ ವಿನಾಯಿತಿ ಪತ್ರವಿರಬೇಕು, ಆ ಪತ್ರ ಯಾರ ಹೆಸರಿನಲ್ಲಿದೆಯೋ ಅವರೇ ಅದಕ್ಕೆ ಹೊಣೆಯಾಗಬೇಕು.

ಈ ಕೋವಿಗೆ ವರ್ಷಕ್ಕೊಂದು ಹಬ್ಬವೂ ಉಂಟು. ಗದ್ದೆಯ ನಾಟಿ ಮುಗಿದು ಬೆನ್ನು ನೇರವಾಗುವ ಹೊತ್ತಿಗೆ, ಸೆಪ್ಟೆಂಬರಿನ ಆರಂಭದಲ್ಲಿ, ಕೊಡವರು ಕೈಲ್‌ಪೋಳ್ದ್ ಆಚರಿಸುತ್ತಾರೆ. ಕನ್ನಡದಲ್ಲಿ ಇದನ್ನು ಕೈಲ್ ಮುಹೂರ್ತ ಎನ್ನುವುದುಂಟು. ಅಂದು ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಒರೆಸಿ ನಡುಮನೆಯಲ್ಲಿಟ್ಟು, ಗಂಧದ ಬೊಟ್ಟಿಟ್ಟು ಪೂಜಿಸುತ್ತಾರೆ. ಆ ದಿನಗಳಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಹೂವೇ ಕೋವಿಗೆ ಮುಡಿಸುವ ಹೂ. ಕೊಡವರು ಅದನ್ನು ತೋಕ್ ಪೂ, ಎಂದರೆ ಕೋವಿಯ ಹೂ ಎಂದೇ ಕರೆಯುತ್ತಾರೆ. ಕಡಂಬುಟ್ಟು, ಪಂದಿಕರಿಗಳ ಊಟವಾದಮೇಲೆ ಊರಿನವರು ಬಯಲಿನಲ್ಲಿ ಸೇರಿ ಆಟಗಳನ್ನಾಡುತ್ತಾರೆ. ಹಿಂದೆ ಬೇಟೆಯ ಕಾಲ ಮೊದಲಾಗುತ್ತಿದ್ದುದೂ ಈ ಹಬ್ಬದಿಂದಲೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಹಂದಿ ಜಿಂಕೆಗಳ ಬದಲು ತೆಂಗಿನಕಾಯಿಯೊಂದೇ ಗುರಿಯಾಗಿ ಉಳಿಯಿತು. ಬಹುಶಃ ಎಲ್ಲರಿಗೂ ಒಳ್ಳೆಯದೇ ಆಯಿತು, ತೆಂಗಿನಕಾಯಿಗೆ ಮರಿಗಳಿರುವುದಿಲ್ಲ.

ಎತ್ತರದ ಮರದ ತುದಿಯಲ್ಲಿ ಕಾಯಿಯನ್ನು ಕಟ್ಟಿ ಕೆಳಗಿನಿಂದ ಹೊಡೆದು ಬೀಳಿಸುವುದು ಹಳೆಯ ರೀತಿ. ನೋಡಲು ಅದು ಸೊಗಸಾದರೂ ಗುರಿ ತಪ್ಪಿದ ಗುಂಡು ಆಕಾಶಕ್ಕೆ ಹೋಗಿ ಎಲ್ಲೋ ಒಂದೆಡೆ ನೆಲಕ್ಕೆ ಬರಲೇಬೇಕಲ್ಲವೇ? ಸಣ್ಣದೆಂದು ತೋರುವ .22 ರೈಫಲಿನ ಗುಂಡೂ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲುದು. ಆದ್ದರಿಂದ ಪೋಸ್ಟ್ ಮಾಸ್ತರರ ಊರಿನಲ್ಲಿ ಪಂದ್ಯವನ್ನು ಗದ್ದೆಯ ಮೇಲಣ ಬಾಣೆ ಜಮೀನಿನಲ್ಲಿ ನಡೆಸುತ್ತಿದ್ದರು. ಅಲ್ಲಿ ಗುಡ್ಡವನ್ನು ಕಡಿದ ಎರಡಾಳೆತ್ತರದ ಮಣ್ಣಿನ ಬರೆಯಿತ್ತು. ಅದರ ಮುಂದೆ ಗೂಟ ನೆಟ್ಟು ಸಿಪ್ಪೆ ಸುಲಿದ ಕಾಯಿಯನ್ನು ಕೂರಿಸುತ್ತಿದ್ದರು. ತಪ್ಪಿದ ಗುಂಡುಗಳನ್ನೆಲ್ಲ ಬರೆಯ ಮಣ್ಣು ನುಂಗಿಕೊಳ್ಳುತ್ತಿತ್ತು.

ಪೋಸ್ಟ್ ಮಾಸ್ತರರಿಗೆ ಆಗ ನಲವತ್ತಾರು ವರ್ಷ. ಓದು, ಉದ್ಯೋಗ ಎಂದು ಮೈಸೂರಿನಲ್ಲಿ ಬಹಳ ವರ್ಷ ಕಳೆದು ಹುಟ್ಟಿದೂರಿಗೆ ವರ್ಗ ಮಾಡಿಸಿಕೊಂಡು ಬಂದವರು. ಮೃದು ಸ್ವಭಾವ, ಮುತ್ತಿನಂಥ ಅಕ್ಷರ. ಮುದ್ರೆ ಒತ್ತುವಾಗಲೂ ಕಾಗದಕ್ಕೆ ನೋವಾದೀತೆಂಬಂತೆ ಒತ್ತುವರು ಎಂದು ಊರಿನವರು ನಗುತ್ತಿದ್ದರು. ಚಿಕ್ಕಂದಿನಲ್ಲಿ ಒಬ್ಬ ನೆಂಟರ ಹುಡುಗ ತಮಾಷೆಗೆಂದು ಅವರ ಕೈಗೆ ದೊಡ್ಡ ಕೋವಿ ಕೊಟ್ಟು ಹೊಡೆಸಿದ್ದನು. ಬುಡವನ್ನು ಭುಜಕ್ಕೆ ಒತ್ತಿ ಹಿಡಿಯಬೇಕೆಂದು ಹೇಳಿಕೊಟ್ಟಿರಲಿಲ್ಲ. ಕೋವಿ ಹಿಂದಕ್ಕೆ ಒದ್ದ ಪೆಟ್ಟಿಗೆ ಬಾಲಕ ಅಂಗಳದಲ್ಲಿ ಅಂಗಾತ ಬಿದ್ದನು. ಭುಜದ ಕಪ್ಪುಗಾಯ ಹದಿನೈದು ದಿನದಲ್ಲಿ ಮಾಯಿತು, ಅಂಜಿಕೆ ಮಾಯಲಿಲ್ಲ. ತಂದೆ ತೀರಿಕೊಂಡಾಗ ಅಣ್ಣ ಊರಿನಲ್ಲಿರಲಿಲ್ಲ. ಅಂಗಳದಲ್ಲಿ ಬಂಧುಗಳು ನೆರೆದು ಕಾಯುತ್ತಿದ್ದರು. ಇವರು ಕೋವಿಯನ್ನೇನೋ ಕೈಗೆ ತೆಗೆದುಕೊಂಡರು, ಆದರೆ ಬೆರಳು ಮುಂದುವರಿಯಲಿಲ್ಲ. ನೆರೆಮನೆಯ ಸುಬೇದಾರರು ಮಾತಿಲ್ಲದೆ ಅವರ ಕೈಯಿಂದ ಕೋವಿ ತೆಗೆದುಕೊಂಡು ಎರಡು ಗುಂಡು ಹಾರಿಸಿದರು. ಕೆಲವು ವರ್ಷಗಳ ತರುವಾಯ ಅಣ್ಣನೂ ಹೋದಾಗ ಗುಂಡು ಹಾರಿಸಿದವರು ಮತ್ತೆ ಸುಬೇದಾರರೇ. ಮನೆಯ ಜೋಡು ನಳಿಗೆಯ ಕೋವಿ, ಅದರ ವಿನಾಯಿತಿ ಪತ್ರ, ಅಣ್ಣ ಉಳಿಸಿಹೋಗಿದ್ದ ಒಂದು ಪೆಟ್ಟಿಗೆ ಕಾಡತೂಸು ಇವೆಲ್ಲ ಈಗ ಮಾಸ್ತರರ ಪಾಲಿಗೆ ಬಂದವು.

ಸುಬೇದಾರರು ಸೇನೆಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿದ್ದರು. ಕಾರ್ಯಪ್ಪ, ತಿಮ್ಮಯ್ಯ ಅವರಂಥ ದಂಡನಾಯಕರನ್ನು ಕೊಟ್ಟ ನಾಡಿನಲ್ಲಿ ಹಳ್ಳಿಗೆ ಇಂಥ ನಾಲ್ಕಾರು ಜನರಾದರೂ ಇರುತ್ತಾರೆ. ಅವರ ಇಬ್ಬರು ಮಕ್ಕಳೂ ದೂರದ ದೇಶಗಳಲ್ಲಿದ್ದರು. ಒಂದು ಸಂಜೆ ಪಿಂಚಣಿಯ ಕಾಗದ ಕೇಳಲು ಅಂಚೆ ಕಚೇರಿಗೆ ಬಂದವರು ಹೊರಡುವ ಮೊದಲು ಹೇಳಿದರು:

“ಮಾಸ್ತರೇ, ನಿಮ್ಮ ಮನೆಗೆ ನಾನು ಎರಡು ಸಲ ಗುಂಡು ಹಾರಿಸಿದ್ದೇನೆ. ನನ್ನ ಮನೆಗೆ ಹಾರಿಸುವವರು ಯಾರು?”

ಅವರು ನಗುತ್ತಲೇ ಕೇಳಿದ್ದರು. ಮಾಸ್ತರರಿಗೆ ನಗು ಬರಲಿಲ್ಲ. ಮರುದಿನವೇ ಕೋವಿಯನ್ನು ಚೀಲದಲ್ಲಿ ಹಾಕಿಕೊಂಡು ಸುಬೇದಾರರ ಅಂಗಳಕ್ಕೆ ಹೋದರು. ಅದು ಜುಲೈ ತಿಂಗಳು, ಮಳೆ ಸುರಿಯುತ್ತಿತ್ತು.

ಮೊದಲ ವಾರ ಸುಬೇದಾರರು ಒಂದು ಕಾಡತೂಸನ್ನೂ ಮುಟ್ಟಗೊಡಲಿಲ್ಲ. ಕೋವಿಯನ್ನು ಕೈಗೆ ತೆಗೆದುಕೊಂಡೊಡನೆ ಅದನ್ನು ಮುರಿದು, ಎಂದರೆ ನಡುವಿನ ಕೀಲಿನಲ್ಲಿ ಬಾಗಿಸಿ ತೆರೆದು, ಎರಡು ನಳಿಗೆಗಳಲ್ಲಿಯೂ ಬೆಳಕು ಕಾಣುವುದೇ ಎಂದು ನೋಡಬೇಕು. ಖಾಲಿಯೆಂದು ಗೊತ್ತಿದ್ದರೂ ತುಂಬಿದೆಯೆಂದೇ ಭಾವಿಸಿ ಹಿಡಿಯಬೇಕು. ನಾಶವಾಗಬಾರದ ಯಾವ ವಸ್ತುವಿನ ಕಡೆಗೂ ಅದರ ಬಾಯಿ ತಿರುಗಕೂಡದು. ಕಣ್ಣು ಗುರಿಯ ಮೇಲೆ ನೆಲೆಗೊಳ್ಳುವವರೆಗೆ ಬೆರಳು ಕುದುರೆಯನ್ನು, ಎಂದರೆ ಎಳೆಯುವ ಕೊಕ್ಕೆಯನ್ನು, ಸೋಕಕೂಡದು. ಗುರಿಯನ್ನಷ್ಟೇ ಅಲ್ಲದೆ ಅದರ ಹಿಂದೆ ಏನಿದೆಯೆಂಬುದನ್ನೂ ನೋಡಿರಬೇಕು. ಸುಬೇದಾರರ ಹೆಂಡತಿ ಕಾಫಿ ತಂದಾಗ ಮಾಸ್ತರರು ಮರ್ಯಾದೆಗೆಂದು ಅವರ ಕಡೆಗೆ ಕೋವಿಸಹಿತ ತಿರುಗಿದರು. ಅಂದು ಅವರಿಗೆ ಕಾಫಿ ಸಿಗಲಿಲ್ಲ. ಪಾಠ ಅಲ್ಲಿಗೇ ಮುಗಿಯಿತು.

ಎರಡನೆಯ ವಾರ ಕೋವಿಯ ಶಾಸ್ತ್ರ ಮೊದಲಾಯಿತು. ನಳಿಗೆಯ ಒಳ ಅಗಲಕ್ಕೆ ಸರಿಯಾಗಿ ಕೂರುವ ಸೀಸದ ಹನ್ನೆರಡು ಗುಂಡುಗಳನ್ನು ತೂಗಿದರೆ ಒಂದು ಪೌಂಡಾಗುತ್ತದೆ. ಅದಕ್ಕಾಗಿಯೇ ಅದಕ್ಕೆ 12 ಬೋರ್ ಎಂದು ಹೆಸರು. ಒಳ ಅಗಲ ಸುಮಾರು 18.5 ಮಿಲಿಮೀಟರ್. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುವುದರಿಂದ ಅದು ದಾರಿ ತಪ್ಪದೆ ಹೋಗುತ್ತದೆ. ಮನೆಯ ಕೋವಿಯ ನಳಿಗೆ ಒಳಗೆ ನುಣುಪಾದದ್ದು. ಅದರಲ್ಲಿ ಚರೆಯನ್ನೂ ಹೊಡೆಯಬಹುದು, ಒಂಟಿ ಗುಂಡನ್ನೂ ಹೊಡೆಯಬಹುದು. ಆದರೆ ಒಂಟಿ ಗುಂಡಿಗೆ ರೈಫಲಿನ ಖಚಿತತೆ ಬಾರದು. ಚರೆ ಹರಡಿಕೊಂಡು ಹೋಗುವುದರಿಂದ ಯಾರ ಕೈಗಾದರೂ ಒಂದೆರಡು ಕಾಳು ತಾಗಬಹುದೆಂದು ಪಂದ್ಯದಲ್ಲಿ ಒಂಟಿ ಗುಂಡಿಗೆ ಮಾತ್ರ ಅವಕಾಶವಿತ್ತು. ದೂರ 30 ಮೀಟರ್. ಅಲ್ಲಿಂದ ನೋಡಿದರೆ ಕಾಯಿ ಒಂದು ನೆಲ್ಲಿಕಾಯಿಯಷ್ಟು ಕಾಣುತ್ತಿತ್ತು.

ಮೊದಲ ಸಲ ನಿಜವಾದ ಗುಂಡು ಹೊಡೆಯುವ ದಿನ ಮಾಸ್ತರರು ಕಿವಿಗೆ ಹತ್ತಿ ಗಿಡಿದುಕೊಂಡು ನಿಂತರು. ಐದು ಗುಂಡುಗಳೂ ಕಾಯಿಯ ಕೆಳಗೆ, ಗೂಟದ ಬುಡದ ಮಣ್ಣನ್ನೇ ಎಬ್ಬಿಸಿದವು. ಕಣ್ಣಿನ ದೋಷವಿರಬಹುದೆಂದು ಅವರು ಕನ್ನಡಕವನ್ನು ಒರೆಸಿದರು. ಸುಬೇದಾರರು ಏನೂ ಹೇಳದೆ ಕೋವಿ ತೆಗೆದುಕೊಂಡು, ಬೆನ್ನು ತಿರುಗಿಸಿ ಕಾಡತೂಸು ತುಂಬಿ ಮರಳಿ ಕೊಟ್ಟರು. ಮಾಸ್ತರರು ಗುರಿ ಹಿಡಿದು ಕುದುರೆ ಎಳೆದರು. ‘ಟಿಕ್’ ಎಂದಿತಷ್ಟೆ. ಸುಬೇದಾರರು ತುಂಬಿದ್ದು ಹಾರಿಸಿ ಖಾಲಿಯಾಗಿದ್ದ ಹಳೆಯ ಕಾಡತೂಸು. ಸದ್ದಿರಲಿಲ್ಲ, ಒದೆತವಿರಲಿಲ್ಲ, ಆದರೆ ಕೋವಿಯ ಮೂತಿ ಮಾತ್ರ ತಲೆ ತಗ್ಗಿಸಿದ ಹಸುವಿನಂತೆ ಒಂದು ಗೇಣು ಕೆಳಗಿಳಿದಿತ್ತು. ಮಾಸ್ತರರ ಕಣ್ಣು ಮುಚ್ಚಿತ್ತು.

“ನೋಡಿದಿರಾ? ಬಾರದ ಪೆಟ್ಟಿಗೆ ನೀವು ಭುಜ ಕೊಡುತ್ತಿದ್ದೀರಿ” ಎಂದರು ಸುಬೇದಾರರು.

ಈ ದೋಷ ಹೊಸಬರದು ಮಾತ್ರವೆಂದು ತಿಳಿಯಬಾರದು. ಸದ್ದೂ ಒದೆತವೂ ಬರಲಿವೆಯೆಂದು ಮೈ ಮೊದಲೇ ಬಲ್ಲುದು. ಆದ್ದರಿಂದ ಬೆರಳು ಕುದುರೆಯನ್ನು ಎಳೆಯುವ ಕ್ಷಣದಲ್ಲಿಯೇ ತೋಳು ಸೆಟೆದು ಮುಂದಕ್ಕೆ ನೂಕುತ್ತದೆ. ಗುಂಡು ಹಾರಿದಾಗ ಒದೆತದ ಗದ್ದಲದಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಗುಂಡು ಹಾರದಿದ್ದಾಗ ಮಾತ್ರ ಅದು ಬೆತ್ತಲೆಯಾಗಿ ನಿಲ್ಲುತ್ತದೆ. ಮಾಸ್ತರರು ಆ ರಾತ್ರಿ ಅಂಚೆಯ ಹಳೆಯ ಲಕೋಟೆಯ ಹಿಂಭಾಗದಲ್ಲಿ ಎರಡು ಸಮರೂಪ ತ್ರಿಭುಜಗಳನ್ನು ಬರೆದು ಲೆಕ್ಕ ಮಾಡಿದರು. ಭುಜದಿಂದ ನಳಿಗೆಯ ತುದಿಗೆ ಸುಮಾರು 110 ಸೆಂಟಿಮೀಟರ್. ಅಲ್ಲಿ ತುದಿ ಎರಡೇ ಎರಡು ಮಿಲಿಮೀಟರ್ ತಗ್ಗಿದರೆ 30 ಮೀಟರಿನಾಚೆ ಗುಂಡು ಐದು ಸೆಂಟಿಮೀಟರಿಗಿಂತ ಹೆಚ್ಚು ಕೆಳಗೆ ಹೋಗುತ್ತದೆ. ಕಾಯಿಯ ನಡುವಿಗಿಟ್ಟ ಗುರಿ ಅದರ ತಳದಂಚಿಗೆ ಬರುತ್ತದೆ. ತಮ್ಮದು ಎರಡು ಮಿಲಿಮೀಟರಲ್ಲ, ಒಂದು ಗೇಣು! ಹಾಗಿದ್ದೂ ಗುಂಡು ಗೂಟದ ಬುಡದಲ್ಲಿಯೇ ಬಿದ್ದುದಕ್ಕೆ ಕಾರಣ, ಮೂತಿ ಪೂರ್ತಿ ಇಳಿಯುವ ಮೊದಲೇ ಗುಂಡು ನಳಿಗೆಯನ್ನು ಬಿಟ್ಟಿರುತ್ತಿತ್ತು. ಅದು ಆ 30 ಮೀಟರನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟುತ್ತದೆ.

ರೋಗ ತಿಳಿದಮೇಲೆ ಮದ್ದು ಸುಲಭವೆನ್ನುವಂತಿಲ್ಲ. ಆದರೆ ಮದ್ದು ಇತ್ತು. ಪ್ರತಿ ಸಂಜೆ ದೀಪ ಹಚ್ಚಿದಮೇಲೆ ಮಾಸ್ತರರು ಖಾಲಿ ಕಾಡತೂಸುಗಳನ್ನು ಕೋವಿಗೆ ಹಾಕಿ, ಹಿತ್ತಿಲ ಬರೆಯ ಕಡೆಗೆ ಗುರಿ ಹಿಡಿಯುವರು. ಎರಡು ನಳಿಗೆಗಳು ಕೂಡುವ ಪಟ್ಟಿಯ ಮೇಲೆ, ತುದಿಗೆ ಸಮೀಪವಾಗಿ, ಅವರ ಮಗಳು ಒಂದು ರೂಪಾಯಿಯ ನಾಣ್ಯ ಇಡುವಳು. ಕುದುರೆ ಎಳೆದಾಗ ನಾಣ್ಯ ಬೀಳಬಾರದು. ಬಿದ್ದರೆ ಅದು ಮಗಳಿಗೆ. ಮೊದಲ ವಾರ ಆ ಹುಡುಗಿ ಹದಿನೇಳು ರೂಪಾಯಿ ಗಳಿಸಿದಳು. ಆಗಸ್ಟ್ ಮುಗಿಯುವ ಹೊತ್ತಿಗೆ ಅವಳ ಆದಾಯ ನಿಂತೇಹೋಯಿತು. ಬೆರಳನ್ನು ಒಮ್ಮೆಗೇ ಎಳೆಯದೆ, ಹಣ್ಣು ಹದವಾಗಿದೆಯೇ ಎಂದು ಒತ್ತಿನೋಡುವಂತೆ ಮೆಲ್ಲಮೆಲ್ಲನೆ ಬಿಗಿಗೊಳಿಸುವುದು, ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸುವುದು, ಕೆನ್ನೆಯನ್ನು ಮರದ ಹಿಡಿಗೆ ಅಂಟಿಸಿಕೊಂಡಿರುವುದು ಇವೆಲ್ಲ ಒಂದೊಂದಾಗಿ ಕೈಗೂಡಿದವು. ಅಂಚೆ ಮುದ್ರೆಯ ಮೃದುವಾದ ಕೈ ಇಲ್ಲಿ ಪ್ರಯೋಜನಕ್ಕೆ ಬಂತೆಂದು ಸುಬೇದಾರರೇ ಒಪ್ಪಿಕೊಂಡರು. ಆದರೂ ನಿಜವಾದ ಕಾಡತೂಸು ಒಳಗಿದೆಯೆಂದು ತಿಳಿದಾಗ ಮೈ ಏನು ಮಾಡುವುದೋ! ಆ ಅನುಮಾನ ಇಬ್ಬರಲ್ಲಿಯೂ ಉಳಿದಿತ್ತು.

ಹಬ್ಬದ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು. ಬಾಣೆಯಲ್ಲಿ ನೂರೈವತ್ತು ಜನ ಸೇರಿದ್ದರು. ಸುಣ್ಣದ ಗೆರೆಯಿಂದ ಹಿಂದೆ ನೋಡುವವರು, ಗೆರೆಯ ಮುಂದೆ ಹೊಡೆಯುವವನೊಬ್ಬ ಮತ್ತು ಅವನ ಪಕ್ಕದಲ್ಲಿ ತೀರ್ಪುಗಾರನೊಬ್ಬ. ಒಬ್ಬೊಬ್ಬರಿಗೆ ಎರಡು ಗುಂಡು. ನಳಿಗೆಯಲ್ಲಿ ಒಂದು ಸಲಕ್ಕೆ ಒಂದೇ ಕಾಡತೂಸು. ಕಾಯಿ ಒಡೆದವರು ಮುಂದಿನ ಸುತ್ತಿಗೆ ಹೋಗಬೇಕು. ಹೆಂಗಸರಿಗೆ ಬೇರೆ ಪಂದ್ಯವೇನೂ ಇರಲಿಲ್ಲ. ಅವರೂ ಇದರಲ್ಲಿಯೇ ಹೆಸರು ಕೊಟ್ಟಿದ್ದರು.

ಮೂರನೆಯವನಾಗಿ ಬಂದ ತರುಣ ನಿಪುಣನೆಂದು ಹೆಸರಾದವನು. ಮೊದಲ ಗುಂಡಿಗೇ ಕಾಯಿ ಹೋಳಾಗಿ ನೀರು ಚಿಮ್ಮಿತು. ಜನ ಕೇಕೆ ಹಾಕಿದರು. ಅವನು ಗೆಳೆಯರ ಕಡೆಗೆ ನಗುತ್ತಾ ತಿರುಗಿದನು. ಕೈಯಲ್ಲಿದ್ದ ಕೋವಿಯೂ ಅವನೊಡನೆ ಅರ್ಧ ತಿರುಗಿತು. ತೀರ್ಪುಗಾರರು ನಳಿಗೆಯನ್ನು ಹಿಡಿದು ನೆಲಕ್ಕೆ ತಗ್ಗಿಸಿ, ಅವನನ್ನು ಆಟದಿಂದ ಹೊರಗೆ ಕಳುಹಿಸಿದರು. “ಖಾಲಿ ಇದೆ ಅಣ್ಣ, ಹೊಡೆದಾಯಿತಲ್ಲ!” ಎಂದು ಅವನು ವಾದಿಸಿದನು. ಯಾರೂ ಅವನ ಪರವಾಗಿ ಮಾತಾಡಲಿಲ್ಲ. ಇದು ಕಠಿಣವೆಂದು ತೋರಬಹುದು. ಆದರೆ ಪಿಸ್ತೂಲು ಹಿಡಿದು ಓಡುತ್ತಾ, ಬಾಗುತ್ತಾ, ಗಡಿಯಾರದೊಡನೆ ಸ್ಪರ್ಧಿಸಿ ಗುರಿಗಳನ್ನು ಹೊಡೆಯುವ ‘ಪ್ರಾಯೋಗಿಕ ಶೂಟಿಂಗ್’ ಎಂಬ ಆಟವೊಂದಿದೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಅದಕ್ಕೊಂದು ಅಂತಾರಾಷ್ಟ್ರೀಯ ಒಕ್ಕೂಟ ಏರ್ಪಟ್ಟಿತು. ಅಲ್ಲಿ ಗಳಿಸಿದ ಅಂಕಗಳನ್ನು ತೆಗೆದುಕೊಂಡ ಕಾಲದಿಂದ ಭಾಗಿಸುತ್ತಾರೆ. ವೇಗಕ್ಕೆ ಅಷ್ಟು ಬೆಲೆ. ಆದರೂ ಪಿಸ್ತೂಲಿನ ಮೂತಿ ಗೊತ್ತಾದ ಎಲ್ಲೆ ಮೀರಿ ಹಿಂದಕ್ಕೆ ತಿರುಗಿತೆಂದರೆ ಜಗತ್ತಿನ ವೀರನಾದರೂ ಆ ಕ್ಷಣವೇ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕು. ಕೊಡಗಿನ ಬಾಣೆಯಲ್ಲಿ ಆ ಮುದಿ ತೀರ್ಪುಗಾರರು ಅದನ್ನು ಓದಿರಲಾರರು. ನಿಯಮ ಮಾತ್ರ ಅದೇ.

ಪೋಸ್ಟ್ ಮಾಸ್ತರರ ಸರದಿ ಹನ್ನೊಂದನೆಯದು. ಅಣ್ಣನ ಪೆಟ್ಟಿಗೆಯಿಂದ ತಂದಿದ್ದ ಕಾಡತೂಸನ್ನು ಬಲ ನಳಿಗೆಗೆ ಹಾಕಿ ಕೋವಿ ಮುಚ್ಚಿದರು. ಬುಡವನ್ನು ಭುಜದ ಕುಳಿಗೆ ಒತ್ತಿಕೊಂಡರು. ನಳಿಗೆಯ ತುದಿಯ ಹಿತ್ತಾಳೆಯ ಮಣಿ ಕಾಯಿಯ ಕೆಳಗೆ ಬಂದು ನಿಂತಿತು. ಕಣ್ಣು ಏಕಕಾಲದಲ್ಲಿ ಮಣಿಯನ್ನೂ ಕಾಯಿಯನ್ನೂ ಸ್ಪಷ್ಟವಾಗಿ ಕಾಣಲಾರದು; ಮಣಿ ಸ್ಪಷ್ಟವಾಗಿರಲಿ, ಕಾಯಿ ಮಂಜಾಗಿರಲಿ ಎಂದು ಸುಬೇದಾರರು ಹೇಳಿದ್ದರು. ಉಸಿರು ಅರ್ಧಕ್ಕೆ ನಿಂತಿತು. ಬೆರಳು ಬಿಗಿಯಾಗುತ್ತಾ ಬಂತು.

‘ಟಿಕ್.’

ಗುಂಡು ಹಾರಲಿಲ್ಲ. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಮರುಕ್ಷಣ ಹಿಂದಿನಿಂದ ಯಾರೋ, “ಅಂಚೆ ತಡವಾಯಿತು!” ಎಂದು ಕೂಗಿದರು. ನಗೆಯ ಅಲೆ ಎದ್ದಿತು.

ಇಂಥ ಗಳಿಗೆಯಲ್ಲಿ ಹೊಸಬನಾದವನು ಮಾಡುವ ಕೆಲಸವೆಂದರೆ ಕೋವಿಯನ್ನು ಇಳಿಸಿ, ಏನಾಯಿತೆಂದು ಅದರ ಮುಖ ನೋಡುವುದು, ಇಲ್ಲವೇ ನಕ್ಕವರ ಕಡೆಗೆ ತಿರುಗುವುದು. ಎರಡೂ ಪ್ರಾಣಕ್ಕೆ ಎರವಾಗಬಲ್ಲವು. ಒಮ್ಮೊಮ್ಮೆ ತೇವ ಹಿಡಿದ ಕಾಡತೂಸಿನಲ್ಲಿ ಕಿಡಿ ಒಳಗೇ ಹೊಗೆಯಾಡಿ, ಸ್ವಲ್ಪ ಹೊತ್ತಿನ ಮೇಲೆ ಮದ್ದು ಹೊತ್ತಿಕೊಳ್ಳುವುದುಂಟು. ಆಗ ಕೋವಿಯ ಮೂತಿ ಎಲ್ಲಿರುವುದೋ ಅಲ್ಲಿಗೆ ಗುಂಡು. ಕೋವಿ ತೆರೆದಿದ್ದರೆ ಬೆಂಕಿ ಹಿಡಿದವನ ಮುಖಕ್ಕೆ. ಮಾಸ್ತರರು ಕದಲಲಿಲ್ಲ. ಮೂತಿ ಕಾಯಿಯ ಕಡೆಗೇ ಇತ್ತು. ಬೆರಳು ಮಾತ್ರ ಕುದುರೆಯಿಂದ ಹೊರಗೆ ಬಂದು ಮರದ ಹಿಡಿಯ ಮೇಲೆ ನೀಳವಾಗಿ ನಿಂತಿತು. ತೀರ್ಪುಗಾರರು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು... ಹತ್ತರ ಹೊತ್ತಿಗೆ ನಗೆ ನಿಂತಿತು. ಹದಿನೈದಕ್ಕೆ ತೋಳು ನಡುಗಲಾರಂಭಿಸಿತು. ಮೂರು ಕಿಲೋಗ್ರಾಂ ತೂಕದ ಕೋವಿಯನ್ನು ಚಾಚಿ ಹಿಡಿದು ನಿಂತವರಿಗೆ ಮೂವತ್ತು ಸೆಕೆಂಡು ಎಂಥ ದೀರ್ಘಕಾಲವೆಂಬುದು ತಿಳಿಯುತ್ತದೆ. ಹಣೆಯ ಬೆವರು ಕನ್ನಡಕದ ಒಳಕ್ಕೆ ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈಯಿರಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಆಮೇಲೆ ಮೂತಿಯನ್ನು ಬರೆಯ ಕಡೆಗೇ ಇಟ್ಟು, ಮುಖವನ್ನು ಪಕ್ಕಕ್ಕೆ ಸರಿಸಿ, ಕೋವಿ ತೆರೆದರು. ಕಾಡತೂಸಿನ ಹಿತ್ತಾಳೆಯ ತಳದಲ್ಲಿ ಮುಳ್ಳು ಬಡಿದ ಚುಕ್ಕೆ ಸರಿಯಾಗಿಯೇ ಬಿದ್ದಿತ್ತು. ವರ್ಷಗಟ್ಟಲೆ ಮಳೆಗಾಲದ ತೇವ ಕುಡಿದ ಕಾಡತೂಸು ಸತ್ತುಹೋಗಿತ್ತು. ತೀರ್ಪುಗಾರರು ಅದನ್ನು ಬೇರೆಯಾಗಿ ಎತ್ತಿಟ್ಟು, “ಇದು ಲೆಕ್ಕಕ್ಕಿಲ್ಲ, ಎರಡು ಗುಂಡು ಹಾಗೆಯೇ ಉಳಿದಿವೆ” ಎಂದರು.

ಮಾಸ್ತರರು ಸುಬೇದಾರರ ಕಡೆಗೆ ನೋಡಿದರು. ಜನರ ಸಾಲಿನ ಮುಂದೆ ಕೊಡೆ ಊರಿಕೊಂಡು ನಿಂತಿದ್ದ ಮುದುಕರು ಒಂದೇ ಮಾತು ಹೇಳಿದರು:

“ಮೂತಿ ಅಲುಗಲಿಲ್ಲ.”

ಮಾಸ್ತರರಿಗೆ ಆಗ ಹೊಳೆಯಿತು. ಕೋವಿ ತುಂಬಿದೆಯೆಂದೇ ನಂಬಿ ಅವರು ಕುದುರೆ ಎಳೆದಿದ್ದರು. ಕಣ್ಣು ತೆರೆದಿತ್ತು, ‘ಟಿಕ್’ ಎಂದಾಗ ಮಣಿ ಇದ್ದಲ್ಲಿಯೇ ಇದ್ದುದನ್ನು ಅವರೇ ಕಂಡಿದ್ದರು.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಸುಬೇದಾರರು ಹೊಸ ಕಾಡತೂಸುಗಳನ್ನು ಕೊಟ್ಟರು. ಮೊದಲ ಗುಂಡು ಕಾಯಿಯ ಮೇಲೆ ಒಂದು ಅಂಗೈಯಷ್ಟು ಎತ್ತರದಲ್ಲಿ ಬರೆಯ ಮಣ್ಣನ್ನು ಎಬ್ಬಿಸಿತು. ಕಾಯಿ ಬೀಳುವುದನ್ನು ನೋಡುವ ಆಸೆಯಿಂದ ಅವರು ಹಿಡಿಯಿಂದ ಕೆನ್ನೆಯನ್ನು ಕೊಂಚ ಎತ್ತಿದ್ದರು. ಕೆನ್ನೆ ಎದ್ದರೆ ಕಣ್ಣು ಎದ್ದಂತೆ, ಕಣ್ಣು ಎದ್ದರೆ ಗುಂಡೂ ಮೇಲೇರುತ್ತದೆ. ಎರಡನೆಯ ಸಲ ಕೆನ್ನೆ ಅಲ್ಲಿಯೇ ಅಂಟಿಕೊಂಡಿತ್ತು. ಸದ್ದಿನೊಡನೆ ಕಾಯಿ ಗೂಟದ ಮೇಲಿಂದ ಮಾಯವಾಯಿತು. ಚೂರುಗಳನ್ನು ಆರಿಸಲು ಮಕ್ಕಳು ಗೆರೆ ದಾಟಿ ಓಡಬೇಕೆಂದಿದ್ದರು. ಕೋವಿ ತೆರೆದು ತೋರಿಸಿದಮೇಲೆಯೇ ತೀರ್ಪುಗಾರರು ಅವರನ್ನು ಬಿಟ್ಟರು. ಎರಡನೆಯ ಸುತ್ತಿನಲ್ಲಿ, ಇನ್ನೂ ಹತ್ತು ಮೀಟರ್ ಹಿಂದಿನಿಂದ, ಮಾಸ್ತರರ ಎರಡು ಗುಂಡುಗಳೂ ತಪ್ಪಿದವು. ಬಹುಮಾನ ಪಕ್ಕದ ಊರಿನ ಕಾಲೇಜು ಹುಡುಗಿಯೊಬ್ಬಳಿಗೆ ಹೋಯಿತು. ಅವಳು ಹೊಡೆದಾಗ ಜನ ಕೂಗಿದರೂ ಅವಳು ಹಿಂದಿರುಗಿ ನೋಡಲಿಲ್ಲ; ಮೊದಲು ಕೋವಿ ತೆರೆದು ನಳಿಗೆಯನ್ನು ನೋಡಿದಳು.

ಆ ರಾತ್ರಿ ಮಾಸ್ತರರು ಬಿಸಿನೀರು, ಬಟ್ಟೆ, ಎಣ್ಣೆಗಳನ್ನು ಇಟ್ಟುಕೊಂಡು ನಳಿಗೆಗಳನ್ನು ತೊಳೆದರು. ಕೊಡಗಿನ ಮಳೆಗಾಲದಲ್ಲಿ ಹೊಡೆದ ಕೋವಿಯನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೆ ಬೆಳಗಾಗುವಾಗ ಒಳಗೆ ತುಕ್ಕು. ಅಣ್ಣನ ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಕಾಡತೂಸುಗಳನ್ನು ಬೇರೆಯಾಗಿ ಕಟ್ಟಿ, ಉಪಯೋಗಿಸಬಾರದೆಂದು ಚೀಟಿ ಅಂಟಿಸಿದರು. ಲೆಕ್ಕದ ಪುಸ್ತಕದಲ್ಲಿ ತಮ್ಮ ಮುತ್ತಿನಂ ಥ ಅಕ್ಷರದಲ್ಲಿ ಬರೆದರು: ಹಾರಿದವು 4, ಹಾರದ್ದು 1.

ಆ ವರ್ಷದ ಹುತ್ತರಿ ಡಿಸೆಂಬರಿನಲ್ಲಿ ಬಂತು. ಹುಣ್ಣಿಮೆಯ ಬೆಳಕಿನಲ್ಲಿ ಮನೆಮಂದಿಯೆಲ್ಲ ಗದ್ದೆಗೆ ಇಳಿದರು. ನೆರೆಮನೆಯ ಸುಬೇದಾರರೂ ಹೆಂಡತಿಯೊಡನೆ ಬದುವಿನ ಮೇಲೆ ಬಂದು ನಿಂತಿದ್ದರು. ಗುಂಡು ಆಕಾಶಕ್ಕೆ ಹಾರಿಸಬೇಕಾದುದರಿಂದ ಮಾಸ್ತರರು ಒಂಟಿ ಗುಂಡನ್ನು ಬಿಟ್ಟು ಅತಿ ಸಣ್ಣ ಚರೆಯ ಕಾಡತೂಸನ್ನು ಆರಿಸಿ ತಂದಿದ್ದರು. ಆ ಚರೆ ಬೇಗನೆ ವೇಗ ಕಳೆದುಕೊಂಡು ಮಳೆಹನಿಯಂತೆ ಉದುರುತ್ತದೆ. ಮನೆಗಳಿಲ್ಲದ ಕಾಡಿನ ಕಡೆಗೆ ತಿರುಗಿ ನಿಂತು, ಅತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿದರು. ಕುಡುಗೋಲು ಮೊದಲ ಕದಿರಿಗೆ ತಾಗಿತು. ಗುಂಡು ಹಾರಿತು. ಸದ್ದು ಎದುರಿನ ಬೆಟ್ಟಕ್ಕೆ ತಗಲಿ ಮರಳಿ ಬರುವವರೆಗೂ ಎಲ್ಲರೂ ಸುಮ್ಮನಿದ್ದರು. ಬಳಿಕ ‘ಪೊಲಿ’ ಎಂಬ ಸಮೃದ್ಧಿಯ ಕೂಗು ಗದ್ದೆಯನ್ನು ತುಂಬಿತು.

ಮಾಸ್ತರರು ಕೋವಿ ತೆರೆದು, ಬಿಸಿಯಾಗಿದ್ದ ಕಾಡತೂಸನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಬದುವಿನ ಮೇಲಿಂದ ಸುಬೇದಾರರು ಕೂಗಿ ಹೇಳಿದರು:

“ಒಂದೇ ಸಾಕು ಮಾಸ್ತರೇ! ಎರಡನೆಯದಕ್ಕೆ ಅವಸರವೇನೂ ಇಲ್ಲ!”

ಗದ್ದೆಯಲ್ಲಿದ್ದವರೆಲ್ಲ ನಕ್ಕರು, ಎಲ್ಲರಿಗಿಂತ ಗಟ್ಟಿಯಾಗಿ ಸುಬೇದಾರರ ಹೆಂಡತಿ. ಹೊಸ ಕದಿರಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡವರು ಮುಂದಾದರು. ಮುರಿದು ಮಡಚಿದ ಕೋವಿಯನ್ನು ತೋಳಿನ ಮೇಲೆ ಹಾಕಿಕೊಂಡು, ಬದುವಿನ ಜಾರಿನಲ್ಲಿ ಮುದುಕರಿಗೆ ಇನ್ನೊಂದು ಕೈ ಕೊಟ್ಟು, ಮಾಸ್ತರರು ಮನೆಯ ದೀಪದ ಕಡೆಗೆ ನಡೆದರು.